ಯುದ್ಧಕ್ಕೆ ಎರಡು ಬಾರಿ ‘ಬೇಡ’ ಎಂದವರು

ಪ್ರಶ್ನೆ: ಪರ್ಲ್ ಹಾರ್ಬರ್ ದಾಳಿಯ ಮರುದಿನ ಅಮೆರಿಕದ ಸಂಸತ್ತಿನಲ್ಲಿ ಒಬ್ಬ ಮಹಿಳೆ ಮಾತ್ರ ಯುದ್ಧದ ವಿರುದ್ಧ ಮತ ಹಾಕಿದರೆಂದು ಓದಿದೆ. ಅವರು ಯಾರು? ನಿರ್ಣಯವನ್ನು ತಡೆಯಲಾಗದೆಂದು ತಿಳಿದೂ ಹಾಕಿದ ಆ ಮತ ಬರಿಯ ಹಟವಲ್ಲವೇ?
– ಓದುಗರೊಬ್ಬರು, ಸಾಗರ

ಉತ್ತರ: ಅವರು ಮೊಂಟಾನಾ ರಾಜ್ಯದ ಜೆನೆಟ್ ರ‍್ಯಾಂಕಿನ್. ಅಮೆರಿಕದ ಮಹಿಳೆಯರಿಗೆಲ್ಲ ಮತದಾನದ ಹಕ್ಕು ದೊರೆಯುವ ಮೊದಲೇ, 1916ರಲ್ಲಿ, ರಿಪಬ್ಲಿಕನ್ ಪಕ್ಷದಿಂದ ಗೆದ್ದು ಅಲ್ಲಿನ ಸಂಸತ್ತನ್ನು ಪ್ರವೇಶಿಸಿದ ಮೊದಲ ಮಹಿಳೆ. ತಮ್ಮ ರಾಜ್ಯದಲ್ಲಿ 1914ರಲ್ಲಿ ಆ ಹಕ್ಕು ದೊರೆಯುವಂತೆ ಊರೂರು ಸುತ್ತಿ ದುಡಿದವರಲ್ಲಿ ಅವರೂ ಒಬ್ಬರು.

ನೀವು ಹೇಳುವ ಮತವನ್ನು ಹಟವೆಂದು ತೀರ್ಮಾನಿಸುವ ಮೊದಲು ಅದಕ್ಕೂ 24 ವರ್ಷ ಹಿಂದಿನ ಇನ್ನೊಂದು ಮತವನ್ನು ನೋಡಬೇಕು. ಸದಸ್ಯೆಯಾಗಿ ಕೆಲವೇ ದಿನಗಳಾಗಿದ್ದಾಗ, 1917ರ ಏಪ್ರಿಲ್‌ನಲ್ಲಿ, ಜರ್ಮನಿಯ ಮೇಲೆ ಯುದ್ಧ ಸಾರುವ ನಿರ್ಣಯ ಬಂದಿತು. ಪ್ರತಿನಿಧಿ ಸಭೆಯಲ್ಲಿ ಅದು 373–50 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದ ಐವತ್ತು ಮಂದಿಯಲ್ಲಿ ನಲವತ್ತೊಂಬತ್ತು ಗಂಡಸರಿದ್ದರೂ ನಿಂದೆಯ ದೊಡ್ಡ ಪಾಲು ಬಂದದ್ದು ಈ ಒಬ್ಬರಿಗೆ; ಮತದಾನದ ಹಕ್ಕಿಗೆ ಇದರಿಂದ ಧಕ್ಕೆಯಾದೀತೆಂದು ಸ್ವತಃ ಮಹಿಳಾ ಚಳವಳಿಯ ಕೆಲವು ನಾಯಕಿಯರೇ ಮುನಿದರು. 1918ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿ ಸೋತ ಅವರು ಮುಂದಿನ ಎರಡು ದಶಕಗಳ ಬಹುಪಾಲನ್ನು ಶಾಂತಿ ಸಂಘಟನೆಗಳ ಕೆಲಸದಲ್ಲೇ ಕಳೆದರು.

ಮತ್ತೆ ಆಯ್ಕೆಯಾದದ್ದು 1940ರಲ್ಲಿ, ಅರವತ್ತರ ವಯಸ್ಸಿನಲ್ಲಿ. 1941ರ ಡಿಸೆಂಬರ್ 8ರಂದು ಜಪಾನಿನ ಮೇಲಿನ ಯುದ್ಧದ ನಿರ್ಣಯಕ್ಕೆ 388 ಮತಗಳು ಪರವಾಗಿ, ಒಂದೇ ಒಂದು ವಿರುದ್ಧವಾಗಿ ಬಿದ್ದವು. ಹೆಣ್ಣಾಗಿ ತಾನು ಯುದ್ಧಕ್ಕೆ ಹೋಗುವಂತಿಲ್ಲ, ಆದ್ದರಿಂದ ಬೇರೊಬ್ಬರನ್ನು ಕಳುಹಿಸಲೂ ಒಪ್ಪುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಸಭೆಯಿಂದ ಹೊರಬಂದವರನ್ನು ಜನ ಮುತ್ತಿಕೊಂಡಾಗ ಟೆಲಿಫೋನ್ ಬೂತಿನೊಳಗೆ ಆಶ್ರಯ ಪಡೆಯಬೇಕಾಯಿತು. ಅಲ್ಲಿಂದ ಕಚೇರಿಗೆ ತಲುಪಿಸಿದವರು ಪೊಲೀಸರು. 1942ರಲ್ಲಿ ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ಜಪಾನನ್ನು ಅಧ್ಯಕ್ಷ ರೂಸ್‌ವೆಲ್ಟ್ ಬೇಕೆಂದೇ ಕೆಣಕಿದರೆಂಬ ಅವರ ಶಂಕೆಯನ್ನು ನಾನು ಒಪ್ಪಲಾರೆ, ದಾಳಿ ನಡೆದ ಮೇಲೆ ದೇಶಕ್ಕೆ ಬೇರೆ ದಾರಿಯಿತ್ತೆಂದೂ ನನಗೆ ಅನಿಸುವುದಿಲ್ಲ. ಆದರೂ ಹಟವೆಂಬ ನಿಮ್ಮ ಮಾತು ಪೂರ್ತಿ ಹೊಂದುವುದಿಲ್ಲ. ಮೊದಲ ಮತ ಎಷ್ಟು ದುಬಾರಿಯಾಯಿತೆಂದು ಸ್ವಂತ ಅನುಭವದಿಂದ ಬಲ್ಲವರು, ಈ ಬಾರಿ ಜೊತೆಗೆ ಒಬ್ಬರೂ ಇಲ್ಲದಿದ್ದಾಗಲೂ, ಅದೇ ಮಾತನ್ನು ಹೇಳಿದರು.

ನಮ್ಮ ಓದುಗರಿಗೆ ಇನ್ನೊಂದು ಸಂಗತಿ ರುಚಿಸಬಹುದು. ಗಾಂಧೀಜಿಯವರ ಅಹಿಂಸೆಯನ್ನು ಹತ್ತಿರದಿಂದ ಅರಿಯುವ ಆಸೆಯಿಂದ ಅವರು 1946ರಿಂದ ಮೊದಲ್ಗೊಂಡು ಏಳು ಬಾರಿ ಭಾರತಕ್ಕೆ ಬಂದರು. 1968ರ ಜನವರಿಯಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸಾವಿರಾರು ಮಹಿಳೆಯರು ವಾಷಿಂಗ್ಟನ್‌ನಲ್ಲಿ ನಡೆಸಿದ ಮೆರವಣಿಗೆಗೆ ಅವರದೇ ಹೆಸರಿತ್ತು. 87 ವರ್ಷದ ಅವರೂ ಅದರಲ್ಲಿ ನಡೆದರು.