63 ಡಿಗ್ರಿಗೆ ಕಾಯಿಸಿದರೆ ಹಸಿ ಹಾಲಿನ ರೋಗಾಣು ಸಾಯುತ್ತವೆಯೇ?

ಪ್ರಶ್ನೆ: ನಮ್ಮ ಎಮ್ಮೆ ಏಳನೇ ತಿಂಗಳಲ್ಲಿ ಕಂದು ಹಾಕಿತು. ಇನ್ನೊಂದು ಎಮ್ಮೆಯ ಹಾಲನ್ನು ಉಕ್ಕಿಸದೆ, 63 ಡಿಗ್ರಿಗೆ ಪ್ಯಾಶ್ಚರೀಕರಿಸಿ ಕುಡಿಯಬಹುದೇ?
— ಓದುಗರು, ಚನ್ನಗಿರಿ, ದಾವಣಗೆರೆ ಜಿಲ್ಲೆ

ಉತ್ತರ: ಕುಡಿಯಬಹುದು, ಆದರೆ 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ 30 ನಿಮಿಷ ಇರಬೇಕು. ಡೇರಿಗಳಲ್ಲಾದರೆ 72 ಡಿಗ್ರಿ, 15 ಸೆಕೆಂಡು. ಕಂದು ಹಾಕಿಸುವ ಬ್ರುಸೆಲ್ಲಾ, ದನದ ಕ್ಷಯದ ರೋಗಾಣು, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಎಲ್ಲ ಇದಕ್ಕೆ ಬಗ್ಗುತ್ತವೆ.

ಮನೆಯಲ್ಲಿ ಕೆಡುವುದು ನೊರೆಯಿಂದ. ನೊರೆ ಹಾಲಿಗಿಂತ ತಣ್ಣಗಿರುತ್ತದೆ, ಅದರಲ್ಲಿ ರೋಗಾಣು ಉಳಿಯಬಹುದು. ನೊರೆ ತೆಗೆದು, ಹಾಲಿನ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಮುಚ್ಚಿ, ಆಗಾಗ ಕೈಯಾಡಿಸಿ. ಥರ್ಮಾಮೀಟರಿನ ತುದಿ ತಳಕ್ಕೆ ತಾಗಬಾರದು. 63 ಮುಟ್ಟಿದ ಮೇಲೆ ಗಡಿಯಾರ ನೋಡಿ. ನಡುವೆ ಇಳಿದರೆ ಮತ್ತೆ ಮೊದಲಿಂದ ಎಣಿಸಿ. ಥರ್ಮಾಮೀಟರ್ ಇಲ್ಲವೇ? ಅಂದಾಜು ಬೇಡವೇ ಬೇಡ, ಉಕ್ಕಿಸಿಬಿಡಿ.

ಆದರೆ ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು (ಬಿಸಿ ತಡೆಯುವ ಅದರ ಗಟ್ಟಿ ರೂಪ) ಈ ಬಿಸಿಗೆ ಸಾಯುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟರೆ ಮೊಳೆತು ಹೆಚ್ಚುತ್ತವೆ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, 4 ಡಿಗ್ರಿಯ ಫ್ರಿಜ್‌ಗೆ ಸೇರಿಸಿ.

ನಮಗೆ ಹಾಲಿಗಿಂತ ನಿಮ್ಮ ಕೈಗಳದ್ದೇ ಹೆಚ್ಚು ಚಿಂತೆ. ಕಂದು, ಮಾಸು, ಸ್ರಾವದಿಂದಲೂ ಬ್ರುಸೆಲ್ಲಾ ಅಂಟುತ್ತದೆ. ಕೈಗವಸಿಲ್ಲದೆ ಮುಟ್ಟಬೇಡಿ, ಎರಡೂ ಎಮ್ಮೆಗಳ ರಕ್ತವನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.