ಭಾನುವಾರದ ನಂಬಿಕೆ ಸೋಮವಾರಕ್ಕೂ ಬರಬೇಕಾದರೆ ಯಾವ ಸೇವೆಗೆ ಸೇರಲಿ?

ಭಾನುವಾರ ಚರ್ಚು, ಸೋಮವಾರದಿಂದ ಐಟಿ ಆಫೀಸು, ನನ್ನ ಕ್ರೈಸ್ತ ನಂಬಿಕೆ ದಿನದ ಬದುಕಿನಲ್ಲಿ ಎಲ್ಲೂ ಕಾಣುತ್ತಿಲ್ಲ, ಬೆಂಗಳೂರಿನಲ್ಲಿ ಯಾವ ಸೇವಾ ಕೆಲಸಕ್ಕೆ ಸೇರಿಕೊಳ್ಳಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದಕ್ಕೂ ಸೇರಬೇಡಿ. ನಾನು ಎಲ್ಲದಕ್ಕೂ ಸೇರಿದ್ದವನು, ಅದಕ್ಕೇ ಹೇಳುತ್ತಿದ್ದೇನೆ.

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಹೊಲಿಗೆ ಯೂನಿಟ್ ಇದೆ. ಈಗ ಚಿಕ್ಕದು, ಆಗ ಒಂದಿಷ್ಟು ದೊಡ್ಡದಿತ್ತು. ಜನವರಿಯಿಂದ ಜೂನ್‌ವರೆಗೆ ಶಾಲೆಗಳ ಯೂನಿಫಾರ್ಮು, ಉಳಿದ ತಿಂಗಳು ಚಿಕ್ಕಪೇಟೆಯವರಿಗೆ ನೈಟಿ, ಲಂಗದ ಜಾಬ್ ವರ್ಕು. ಕಟಿಂಗ್ ಮಾಸ್ಟರ್, ಟೈಲರ್‌ಗಳು, ಕಾಜಾ-ಗುಂಡಿಯವರು, ಚೆಕಿಂಗು, ಹೆಲ್ಪರ್‌ಗಳು ಎಲ್ಲ ಸೇರಿ ಹದಿನೈದು ಜನ. ಅದೇ ಕಾಲಕ್ಕೆ ನಮ್ಮ ಸಭೆಯಲ್ಲಿ (ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಕನ್ನಡ ಸಭೆ) ನಾನು ಕಮಿಟಿ ಮೆಂಬರು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಗೆ ಯಾರೂ ಕೂಗದಷ್ಟು ರೇಟು ಕೂಗುವವನು ನಾನು. ಆಸ್ಪತ್ರೆ ಭೇಟಿಗೆ ಮುಂದೆ, ಕ್ಯಾರೊಲ್ ವ್ಯಾನಿಗೆ ಡೀಸೆಲ್ ನನ್ನದು, ಡಿಸೆಂಬರಿನಲ್ಲಿ ಬಡವರಿಗೆ ಅಕ್ಕಿ, ಕಂಬಳಿ ಹಂಚುವಾಗ ಬ್ಯಾನರಿನ ಮೇಲೆ ನನ್ನ ಹೆಸರು. ತಿಂಗಳ ಮೊದಲ ಭಾನುವಾರ ದಶಾಂಶದ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆ) ಕವರು ತಪ್ಪಿಸಿದವನಲ್ಲ.

ತಪ್ಪುತ್ತಿದ್ದದ್ದು ಬಟವಾಡೆ.

ಇದು ಹೇಗಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಇದು ದುಡ್ಡಿಲ್ಲದ ಕಷ್ಟ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸುತ್ತಿತ್ತು. ಜೂನ್‌ನಲ್ಲಿ ಯೂನಿಫಾರ್ಮು ಕೊಟ್ಟರೆ ಶಾಲೆಯವರ ಪೂರ್ತಿ ಹಣ ಬರುವಷ್ಟರಲ್ಲಿ ದಸರಾ ಕಳೆದಿರುತ್ತಿತ್ತು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಬಾಕಿ ಕೊಡಬೇಕು ಎಂದು 2006ರ ಕಾಯ್ದೆಯಲ್ಲೇ ಇದೆ, ಗೊತ್ತಿತ್ತು. ದೂರು ಕೊಟ್ಟರೆ ಮುಂದಿನ ವರ್ಷದ ಆರ್ಡರ್ ಹೋಗುತ್ತದೆ ಎನ್ನುವುದೂ ಗೊತ್ತಿತ್ತು. ಅದರ ಮೇಲೆ 2016ರ ನವೆಂಬರಿನಲ್ಲಿ ನೋಟು ರದ್ದಾಯಿತು, ಮರುವರ್ಷ ಜುಲೈನಲ್ಲಿ ಜಿಎಸ್‌ಟಿ ಬಂತು. ಕೈಗೆ ಬಂದದ್ದನ್ನು ನಾನು ಹಂಚುತ್ತಿದ್ದ ಸರದಿ ಹೀಗೆ: ಬಟ್ಟೆ ಅಂಗಡಿಯವರಿಗೆ ಕೊಡದಿದ್ದರೆ ಮುಂದಿನ ಥಾನು ಬರುವುದಿಲ್ಲ, ಅವರಿಗೆ ಮೊದಲು. ಕರೆಂಟ್ ಬಿಲ್ ಕಟ್ಟದಿದ್ದರೆ ಬೆಸ್ಕಾಂನವರು ಫ್ಯೂಸ್ ಕೀಳುತ್ತಾರೆ, ಅದು ಎರಡನೆಯದು. ಬಿಲ್ಡಿಂಗ್ ಓನರ್ ಕೆಳಗಿನ ಮನೆಯಲ್ಲೇ ಇದ್ದರು, ಮೆಟ್ಟಿಲು ಇಳಿಯುವಾಗ ಮುಖ ನೋಡಬೇಕು. ಆಮೇಲೆ ನನ್ನ ಮನೆಗೆ ತೆಗೆದುಕೊಳ್ಳುವುದು, ಅದರಲ್ಲಿ ಹತ್ತರಲ್ಲೊಂದು ಪಾಲು ಕವರಿಗೆ. ಇಷ್ಟಾದ ಮೇಲೆ ಉಳಿದದ್ದು ಕೆಲಸದವರಿಗೆ. ಉಳಿಯದಿದ್ದರೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಮುಂದಿನ ವಾರ ನೋಡೋಣ." ಅರ್ಧ ಸಂಬಳ ಹತ್ತರಂದು, ಮಿಕ್ಕ ಅರ್ಧ ಇಪ್ಪತ್ತರ ಮೇಲೆ.

ಗಮನಿಸಿ, ಬೇರೆ ಎಲ್ಲರ ಕೈಯಲ್ಲೂ ನನ್ನ ಜುಟ್ಟಿತ್ತು. ಇವರ ಕೈಯಲ್ಲಿ ಏನೂ ಇರಲಿಲ್ಲ. ಹಾಗಾಗಿ ದುಡ್ಡು ಕಮ್ಮಿಯಾದ ತಿಂಗಳಲ್ಲಿ ಎಳೆದರೆ ಹಿಗ್ಗುತ್ತಿದ್ದದ್ದು ಅವರ ಸಂಬಳದ ದಿನ ಒಂದೇ. ಇದನ್ನು ನಾನು ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿ ಹಾಗೆ ಜೋಡಿಸಿಕೊಂಡಿತ್ತು. ಕೆಟ್ಟವನಾಗಿರಲಿಲ್ಲ ನಾನು. ಯಾರನ್ನೂ ಬೈಯುತ್ತಿರಲಿಲ್ಲ, ಕ್ರಿಸ್‌ಮಸ್‌ಗೆ ಎಲ್ಲರಿಗೂ ಕೇಕು, ಗೋಡೆಯ ಮೇಲೆ ಬೈಬಲ್ ವಚನದ ಕ್ಯಾಲೆಂಡರು. ನಂಬಿಕೆ ಕಾಣುತ್ತಿತ್ತು, ನೀವು ಬಯಸುತ್ತಿರುವ ಹಾಗೆಯೇ.

ಆ ವರ್ಷದ ಡಿಸೆಂಬರು. ಚರ್ಚಿನ ಅಂಗಳದಲ್ಲಿ ಟೋಕನ್ ಕೊಟ್ಟು ಅಕ್ಕಿ ಹಂಚುತ್ತಿದ್ದೆವು. ಟೋಕನ್‌ಗಳನ್ನು ಸ್ತ್ರೀ ಸಮಾಜದವರು ಅಕ್ಕಪಕ್ಕದ ಬೀದಿಗಳಲ್ಲಿ ಕೊಟ್ಟುಬಂದಿದ್ದರು, ಯಾರ ಜಾತಿ ಧರ್ಮವೂ ಕೇಳದೆ. ಮೇಜಿನ ಹಿಂದೆ ನಾನು. ಸಾಲಿನಲ್ಲಿ ನಮ್ಮ ಯೂನಿಟ್ಟಿನ ಚೆಕಿಂಗ್ ಅಕ್ಕ ನಿಂತಿದ್ದರು. ಮುಖ ಮುಚ್ಚಿಕೊಳ್ಳಲಿಲ್ಲ, ವ್ಯಂಗ್ಯವೂ ಮಾಡಲಿಲ್ಲ. "ಓ, ನೀವೂ ಇದೇ ಚರ್ಚಾ ಅಣ್ಣ? ಈ ಸಲ ಬಟವಾಡೆ ತಡ ಆಯ್ತಲ್ಲ, ಮನೇಲಿ ಅಕ್ಕಿ ಮುಗಿದಿತ್ತು, ಯಾರೋ ಚೀಟಿ ಕೊಟ್ರು" ಅಂದರು. ನಾನು ಚೀಲ ಎತ್ತಿಕೊಟ್ಟೆ. ಅವರು "ದೇವ್ರು ಒಳ್ಳೇದ್ ಮಾಡ್ಲಿ" ಅಂತ ಹೇಳಿ ಹೋದರು. ಅವರದೇ ದುಡ್ಡಿನ ಅಕ್ಕಿ ಅದು.

ಅಷ್ಟಕ್ಕೇ ನಾನು ಬದಲಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಮುಜುಗರವಾಯಿತು, ಮಾರನೇ ದಿನ ಅವರ ಬಾಕಿಯೊಂದನ್ನು ಚುಕ್ತಾ ಮಾಡಿದೆ, ಉಳಿದವರದು ಹಾಗೇ ಬಿಟ್ಟೆ. ಪೆಟ್ಟು ಬಿದ್ದದ್ದು ಮಾರ್ಚಿನಲ್ಲಿ, ಆ ಚೆಕಿಂಗ್ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಗಬೇಕೆಂದು ಡಾಕ್ಟರ್ ಹೇಳಿದಾಗ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸದವರಿದ್ದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಮಾಡಿಸಲೇಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರೆಲ್ಲ ಅದರಲ್ಲಿ ಬರುತ್ತಾರೆ. ಆಗ ಮಾಲೀಕನ ಪಾಲು ಸಂಬಳದ 4.75%, ಕೆಲಸದವರದು 1.75%. (2019ರ ಜುಲೈನಿಂದ ಅದು 3.25% ಮತ್ತು 0.75%ಕ್ಕೆ ಇಳಿದಿದೆ.) ನನ್ನ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು. ಮಿಕ್ಕವರು ಬರೀ ಕೈಚೀಟಿಯಲ್ಲಿ. ಲೆಕ್ಕ ಬರೆಯುವವನು "ಎಲ್ಲಾ ಹೀಗೇ ಮಾಡ್ತಾರೆ ಸಾರ್" ಅಂದಿದ್ದ. ಎಲ್ಲರೂ ಹಾಗೇ ಮಾಡುತ್ತಿದ್ದರು ಕೂಡ. ಕಾರ್ಡ್ ಇದ್ದಿದ್ದರೆ ಅಕ್ಕನ ಆಪರೇಷನ್ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಆಗುತ್ತಿತ್ತು. ಮಲಗಿದ್ದ ದಿನಗಳಿಗೆ ಸಂಬಳದ 70% ಬರುತ್ತಿತ್ತು, ವರ್ಷಕ್ಕೆ 91 ದಿನದವರೆಗೆ. ಕಾರ್ಡ್ ಇಲ್ಲದೆ ಅವರು ಖಾಸಗಿ ನರ್ಸಿಂಗ್ ಹೋಮಿಗೆ ಮೀಟರ್ ಬಡ್ಡಿಯಲ್ಲಿ ಸಾಲ ತಂದು ಕಟ್ಟಿದರು. ನಾನು? ಹೂವು, ಹಣ್ಣು ಹಿಡಿದುಕೊಂಡು ನೋಡಲು ಹೋದೆ. ಪ್ರಾರ್ಥನೆಯನ್ನೂ ಮಾಡಿ ಬಂದೆ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಸರಾಸರಿ 9,000 ಸಂಬಳ ಅಂದುಕೊಂಡರೂ ಹದಿನೈದು ಜನಕ್ಕೆ ನನ್ನ ಪಾಲು ತಿಂಗಳಿಗೆ ಸುಮಾರು 6,400 ರೂಪಾಯಿ. ನನ್ನ ದಶಾಂಶದ ಕವರಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತಿತ್ತು.

ಕವರು ಹಿಡಿದುಕೊಂಡೇ ನಮ್ಮ ಸಭೆಯ ಪಾದ್ರಿ ಅಯ್ಯನವರ ಹತ್ತಿರ ಹೋದೆ. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕವರಿನ ಮೇಲೆ ಏನು ಅಚ್ಚಾಗಿದೆ ಓದಿ ಅಂದರು. ಬೈಬಲಿನ ಮಲಾಕಿ 3:10, ದಶಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ ಎನ್ನುವ ವಚನ, ನಿಮಗೂ ಬಾಯಿಪಾಠ ಇರುತ್ತದೆ. "ಅದೇ ಅಧ್ಯಾಯದಲ್ಲಿ ಐದನೇ ವಚನ ನೋಡಿದ್ದೀರಾ?" ಅಂದರು. ದೇವರು ಯಾರ ವಿರುದ್ಧ ತಾನೇ ಸಾಕ್ಷಿಯಾಗಿ ಬಂದು ನಿಲ್ಲುತ್ತಾನೋ ಅವರ ಪಟ್ಟಿ ಅಲ್ಲಿದೆ: ಮಾಟಗಾರರು, ವ್ಯಭಿಚಾರಿಗಳು, ಸುಳ್ಳು ಪ್ರಮಾಣ ಮಾಡುವವರು, ಮತ್ತು ಅದೇ ಸಾಲಿನಲ್ಲಿ ಕೂಲಿಯವರ ಕೂಲಿಯಲ್ಲಿ ಮೋಸ ಮಾಡುವವರು. ಚಿಕ್ಕಂದಿನಿಂದ ಸಂಡೇ ಸ್ಕೂಲಿಗೆ ಹೋದವನು ನಾನು. ಆ ವಚನದ ಮೇಲೆ ಒಂದು ಪ್ರಸಂಗವನ್ನೂ ಕೇಳಿದ ನೆನಪಿಲ್ಲ.

ಆಮೇಲೆ ಹುಡುಕಿದರೆ ಎಲ್ಲೆಲ್ಲೂ ಅದೇ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಇರಬಾರದು ಎಂದು ಯಾಜಕಕಾಂಡ 19:13. ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ, ಹೊತ್ತು ಮುಳುಗುವುದರೊಳಗೆ ಕೊಡು ಎಂದು ಧರ್ಮೋಪದೇಶಕಾಂಡ 24. ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ಯಾಕೋಬ, 5:4ರಲ್ಲಿ. ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲೂ ಬೇರೆ ಬೇರೆ ಹೊತ್ತಿಗೆ ಬಂದ ಕೂಲಿಯವರೆಲ್ಲರಿಗೂ ಸಮನಾಗಿ ಕೊಟ್ಟದ್ದನ್ನೇ ನಾವು ಚರ್ಚಿಸುತ್ತೇವೆ, ಯಜಮಾನ ಅದೇ ಸಂಜೆ ಕೊಟ್ಟುಬಿಟ್ಟ ಎನ್ನುವುದು ಕಣ್ಣಿಗೇ ಬೀಳುವುದಿಲ್ಲ. ನಮ್ಮ ದೇಶದ ಕಾನೂನು ಅಷ್ಟು ಬಿಗಿಯಿಲ್ಲ ಪಾಪ. 1936ರ ವೇತನ ಪಾವತಿ ಕಾಯ್ದೆ ನನ್ನಂಥ ಸಣ್ಣ ಯೂನಿಟ್ಟಿಗೆ ತಿಂಗಳು ಮುಗಿದ ಮೇಲೂ ಏಳು ದಿನ ಕೊಟ್ಟಿತ್ತು. ಅದನ್ನೂ ದಾಟಿದ್ದೆ.

ಅಯ್ಯನವರು ಕವರನ್ನು ವಾಪಸ್ ಕೊಟ್ಟರು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎನ್ನುವ ಮತ್ತಾಯ 5:23-24 ಇದೆಯಲ್ಲ, ಅದನ್ನು ಅಕ್ಷರಶಃ ಮಾಡಿ, ಬಾಕಿ ತೀರುವವರೆಗೆ ಇಲ್ಲಿಗೆ ಕವರು ಬೇಡ ಅಂದರು. ಚರ್ಚಿನ ಪೇಂಟಿಂಗ್ ಕೆಲಸ ನಿಂತಿದ್ದ ವರ್ಷ ಅದು. ಹಾಗೆ ಹೇಳುವುದಕ್ಕೂ ಧೈರ್ಯ ಬೇಕು.

ಹೆಂಡತಿಯ ಬಳೆ ಅಡವಿಟ್ಟು ಬಾಕಿ ತೀರಿಸಿದೆ, ಹದಿನೈದು ಹೆಸರನ್ನೂ ಪುಸ್ತಕಕ್ಕೆ ಹತ್ತಿಸಿದೆ. ಆದರೆ ತಡವಾಗಿತ್ತು. ಏಪ್ರಿಲ್‌ನಲ್ಲಿ, ಯೂನಿಫಾರ್ಮಿನ ಕೆಲಸ ತಲೆಮೇಲೆ ಇರುವಾಗ, ಕಟಿಂಗ್ ಮಾಸ್ಟರ್ ಪೀಣ್ಯದ ಕಡೆಯ ಇನ್ನೊಂದು ಯೂನಿಟ್ಟಿಗೆ ಹೊರಟ. ಒಳ್ಳೆಯ ಟೈಲರ್‌ಗಳು ಅವನ ಹಿಂದೆಯೇ ಹೋದರು. "ನೀವು ಒಳ್ಳೇವ್ರೇ ಸಾರ್, ಆದ್ರೆ ನಮ್ಗೆ ತಾರೀಖು ಬೇಕು" ಅಂದ. ಮೂರು ದೊಡ್ಡ ಶಾಲೆಗಳ ಆರ್ಡರ್ ಕೈತಪ್ಪಿತು, ಮೆಷಿನ್‌ಗಳನ್ನು ಮಾರಿದೆ. ಚೆಕಿಂಗ್ ಅಕ್ಕನೂ ವಾಪಸ್ ಬರಲಿಲ್ಲ. ಅವರು ಕಟ್ಟಿದ ಬಡ್ಡಿಯನ್ನಾದರೂ ಕೊಡೋಣ ಎಂದು ಮನೆಗೆ ಹೋದೆ. ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ ಬೈಬಲಿನ ಸುಂಕದವನು ಜಕ್ಕಾಯನ ಹಾಗೆ ಕೊಡುವ ಶಕ್ತಿ ಇರಲಿಲ್ಲ. ಅಕ್ಕ ತೆಗೆದುಕೊಂಡರು, ಎಣಿಸಿಯೇ ತೆಗೆದುಕೊಂಡರು, ಸರಿಯಾಗೇ ಮಾಡಿದರು. ಈಗ ದೊಡ್ಡ ಗಾರ್ಮೆಂಟ್ಸ್ ಒಂದರಲ್ಲಿದ್ದಾರೆ, ಇಎಸ್‌ಐ ಕಾರ್ಡ್ ಇದೆ.

ಈಗ ನಿಮ್ಮ ವಿಷಯ. ನನ್ನದು ಯೂನಿಟ್ಟು ಅಲ್ಲ, ನಾನೂ ಸಂಬಳದವನೇ ಅನ್ನುತ್ತೀರಿ. ಸರಿ. ಮನೆಗೆಲಸದವರು ಊರಹಬ್ಬಕ್ಕೆ ಹೋದರೆ ಆ ದಿನಗಳ ಸಂಬಳ ಹಿಡಿಯುತ್ತೀರಾ? ನೀವು ಕ್ರಿಸ್‌ಮಸ್‌ಗೆ ಊರಿಗೆ ಹೋದಾಗ ಅಡುಗೆಯವರ ಸಂಬಳ? ಆಫೀಸಿನಲ್ಲಿ ನಿಮ್ಮ ಅಪ್ರೂವಲ್‌ಗೆ ಕಾಯುತ್ತಿರುವ ಬಿಲ್‌ಗಳಿವೆಯಾ? ಒಂದು ಹೌಸ್‌ಕೀಪಿಂಗ್ ಕಾಂಟ್ರಾಕ್ಟರ್ ಬಿಲ್ಲು ನಿಮ್ಮ ಇನ್‌ಬಾಕ್ಸಿನಲ್ಲಿ ಎರಡು ವಾರ ಕೂತರೆ, ನೀವು ತೊಳೆದ ಕೈ ಒರೆಸುವ ವಾಶ್‌ರೂಮಿನಲ್ಲಿ ನೆಲ ಒರೆಸುವಾಕೆಗೆ ಎರಡು ವಾರ ಸಂಬಳ ತಡ. ಜೂನಿಯರ್ ಮಾಡಿದ ಕೆಲಸಕ್ಕೆ ಅಪ್ರೈಸಲ್‌ನಲ್ಲಿ ಅವರ ಹೆಸರು ಹಾಕಿದ್ದೀರಾ? ನಂಬಿಕೆ ಸೋಮವಾರ ಕಾಣುವ ಜಾಗ ಇವು. ಇವನ್ನು ಬಿಟ್ಟು ಶನಿವಾರ ಅನಾಥಾಶ್ರಮಕ್ಕೆ ಹೋಗಿ ಬಂದರೆ ಮನಸ್ಸಿಗೆ ಹಿತವಾಗುತ್ತದೆ, ಆ ಹಿತವೇ ಅಪಾಯ. ನನಗೆ ವರ್ಷಗಟ್ಟಲೆ ಎಚ್ಚರವಾಗದಂತೆ ಮಲಗಿಸಿದ್ದು ಅದೇ.

ಆಫೀಸಿನಲ್ಲಿ ಕ್ರೈಸ್ತ ಎಂದು ಹೇಳಿಕೊಳ್ಳಬೇಕಾ ಎಂದೂ ಕೇಳಿದ್ದೀರಿ. ಕೇಳಿದರೆ ಹೇಳಿ. ಸಹಾಯದ ಜೊತೆ ಕರಪತ್ರ ಮಾತ್ರ ಬೇಡ, ಹಸಿದವರ ಕೈಗೆ ಒಟ್ಟಿಗೆ ಎರಡನ್ನು ಕೊಟ್ಟರೆ ಒಂದನ್ನು ಬೇಡ ಅನ್ನುವ ಸ್ವಾತಂತ್ರ್ಯ ಅವರಿಗಿರುವುದಿಲ್ಲ.

ಸೇವೆ ಬೇಡವೇ ಬೇಡ ಎನ್ನುತ್ತಿಲ್ಲ. ಗುಡ್ ಶೆಪರ್ಡ್ ಸಿಸ್ಟರ್‌ಗಳು 1886ರಲ್ಲಿ ಶುರುಮಾಡಿದ ಸೇಂಟ್ ಮಾರ್ಥಾಸ್ ಆಸ್ಪತ್ರೆ ನೃಪತುಂಗ ರಸ್ತೆಯಲ್ಲಿ ಇವತ್ತಿಗೂ ನಡೆಯುತ್ತಿದೆ. ಮಾಗಡಿ ರಸ್ತೆಯಲ್ಲಿ ನನ್ನ ಯೂನಿಟ್ಟಿನ ಹತ್ತಿರವೇ ಸುಮನಹಳ್ಳಿ, ಕುಷ್ಠರೋಗಿಗಳನ್ನು ಮನೆಯವರೇ ಹೊರಗಿಟ್ಟ ಕಾಲದಿಂದ ನೋಡಿಕೊಳ್ಳುತ್ತಾ ಬಂದವರು. ಇಂಥ ಜಾಗಗಳು ನಿಂತಿರುವುದು ದಿನಾ ಕೆಲಸಕ್ಕೆ ಬರುವವರಿಂದ, ವಾರಕ್ಕೊಮ್ಮೆ ಬಂದು ಸೆಲ್ಫಿ ತೆಗೆದುಕೊಳ್ಳುವ ನಮ್ಮಂಥವರಿಂದಲ್ಲ. ಹೋಗುವುದಾದರೆ ಮೊದಲೇ ಫೋನ್ ಮಾಡಿ, ಅವರಿಗೆ ಏನು ಬೇಕೋ ಕೇಳಿಕೊಂಡು ಹೋಗಿ. ಇನ್ನೊಂದು: ಸೇವೆ ಮಾಡುತ್ತೇವೆ, ಅದಕ್ಕೇ ನಮ್ಮ ಸಿಬ್ಬಂದಿಗೆ ಸಂಬಳ ಕಮ್ಮಿ ಎಂದು ಹೆಮ್ಮೆಯಿಂದ ಹೇಳುವ ಸಂಸ್ಥೆ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ನಾನೀಗ ಕಮಿಟಿಯಲ್ಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ಸುತ್ತಮುತ್ತಲ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಹೆಲ್ಪರ್‌ಗಳು, ಮನೆಗೆಲಸದವರು ಬರುತ್ತಾರೆ. ತಮ್ಮ ಹೆಸರಿಗೆ ಇಎಸ್‌ಐ ಕಟ್ಟುತ್ತಿದ್ದಾರಾ ಇಲ್ಲವಾ, ಪಿಎಫ್‌ನಲ್ಲಿ ಹುಟ್ಟಿದ ತಾರೀಖು ತಪ್ಪಾಗಿದೆ, ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರ ಸರ್ಕಾರಿ ನೋಂದಣಿ) ಹೇಗೆ ಮಾಡಿಸುವುದು, ಇಂಥವು. ಮಾಲೀಕರು ಎಲ್ಲೆಲ್ಲಿ ತಪ್ಪಿಸುತ್ತಾರೆ ಎನ್ನುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಕಂಪ್ಯೂಟರ್ ಮಾತ್ರ ಕೈಗೆ ಹತ್ತುವುದಿಲ್ಲ, ಒಂದು ಓಟಿಪಿ ಬರುವಷ್ಟರಲ್ಲಿ ಪೋರ್ಟಲ್ ಲಾಗೌಟ್ ಆಗಿರುತ್ತದೆ. ನಿಮ್ಮಂಥವರು ನಿಮ್ಮ ಸಭೆಯಲ್ಲೇ ಇಂಥದ್ದೊಂದು ಮೇಜು ಹಾಕಬಹುದು, ಲ್ಯಾಪ್‌ಟಾಪ್ ಒಂದು ಸಾಕು. ಅಡುಗೆಯವರ ಡಿಸೆಂಬರ್ ಸಂಬಳ ಕೊಟ್ಟ ಮೇಲೆ.