ಏಳಕ್ಕೆ ನಾಲ್ಕು ಎಂದರೆ ಶೇಕಡ 57 ಅಲ್ಲ

ನಮಸ್ಕಾರ. ಮೈಸೂರಿನಿಂದ ನೀವು ಬರೆದದ್ದನ್ನು ಓದಿದೆ. ಆಗಸ್ಟ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಬರುತ್ತಿದ್ದೀರಿ, ಮಗಳು ಐದನೆಯ ತರಗತಿ ಮುಗಿಸಿದ್ದಾಳೆ, ಮಗನಿಗೆ ಆರು ವರ್ಷ, ಇಬ್ಬರಿಗೂ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಪಠ್ಯಕ್ರಮದ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಸೀಟು ಸಿಕ್ಕಿದೆ. ಶಾಲೆಯವರು ಕಳಿಸಿದ ಮಾದರಿ ಪ್ರಗತಿಪತ್ರ ನೋಡಿ ನೀವು ಕೇಳಿದ್ದೀರಿ: "ಪುಟಗಟ್ಟಲೆ ಇಂಗ್ಲಿಷ್ ಇದೆ. ಚಿಕ್ಕವನದರಲ್ಲಿ ಅಂಕವೇ ಇಲ್ಲ, ದೊಡ್ಡವಳದರಲ್ಲಿ ಏಳರವರೆಗೆ ಏನೋ ಸಂಖ್ಯೆಗಳಿವೆ. ಮಕ್ಕಳು ಓದುತ್ತಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ಹನ್ನೊಂದು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಇತ್ತು. ಕೇಳಲು ಯಾರೂ ಇರಲಿಲ್ಲ, ಹಾಗಾಗಿ ದುಡ್ಡು ಕೊಟ್ಟು ಕಲಿತೆ. ಆ ಕಥೆ ಮುಂದೆ ಹೇಳುತ್ತೇನೆ.

ಮೊದಲು ಮಗನ ವಿಷಯ. ಅವನು ಸೇರುವುದು ಪ್ರಾಥಮಿಕ ಹಂತ, ಇಲ್ಲಿ ಪಿವೈಪಿ ಎನ್ನುತ್ತಾರೆ. ಗಣಿತ, ಭಾಷೆ ಎಲ್ಲವೂ ಇವೆ, ಆದರೆ ವರ್ಷದ ಪಾಠ ಹೆಣೆದುಕೊಂಡಿರುವುದು "ನಾವು ಯಾರು", "ಜಗತ್ತು ಹೇಗೆ ನಡೆಯುತ್ತದೆ" ಎಂಬಂಥ ಆರು ದೊಡ್ಡ ವಿಷಯಗಳ ಸುತ್ತ. ಪ್ರಗತಿಪತ್ರದಲ್ಲಿ ಸಾಮಾನ್ಯವಾಗಿ "ಈಗ ಶುರು", "ಬೆಳೆಯುತ್ತಿದೆ", "ಸ್ವತಂತ್ರವಾಗಿ ಮಾಡಬಲ್ಲ" ಎಂಬ ಅರ್ಥದ ಮಾತುಗಳಿರುತ್ತವೆ. ಪದಗಳು ಶಾಲೆಯಿಂದ ಶಾಲೆಗೆ ಬೇರೆ. ವರ್ಷದಲ್ಲೊಮ್ಮೆ ಮಗುವೇ ತನ್ನ ಪೋರ್ಟ್‌ಫೋಲಿಯೊ, ಅಂದರೆ ತಾನು ಮಾಡಿದ ಕೆಲಸಗಳ ಸಂಗ್ರಹ, ತೆರೆದು ಅಪ್ಪ ಅಮ್ಮನಿಗೆ ತೋರಿಸುವ ಸಭೆ ನಡೆಯುತ್ತದೆ. ಶಿಕ್ಷಕಿ ಪಕ್ಕದಲ್ಲಿ ಸುಮ್ಮನೆ ಇರುತ್ತಾರೆ. ನನ್ನ ಮಗಳು ಏಳು ವರ್ಷದವಳಿದ್ದಾಗ ಗಂಭೀರವಾಗಿ ಕುಳಿತು, "ನನಗೆ ಓದಲು ಚೆನ್ನಾಗಿ ಬರುತ್ತದೆ, ನನ್ನ ಸರದಿಗೆ ಕಾಯುವುದು ಇನ್ನೂ ಬರುವುದಿಲ್ಲ" ಎಂದಳು. ಎರಡೂ ನಿಜವಾಗಿತ್ತು. ನಾನು ಆ ದಿನ ಶಿಕ್ಷಕಿಯನ್ನು ಕೇಳಿದ್ದು ಮಾತ್ರ, "ಕ್ಲಾಸಿನಲ್ಲಿ ಇವಳು ಎಷ್ಟನೆಯವಳು?" ಎಂದು. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನೀವು ಕೇಳಬೇಡಿ, ಅಂಥ ಪಟ್ಟಿ ಅವರ ಬಳಿಯೂ ಇರುವುದಿಲ್ಲ.

ಮಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ಅವಳು ಸೇರುವುದು ಎಂವೈಪಿ ಎಂಬ ಮಧ್ಯದ ಹಂತ, ಹನ್ನೊಂದರಿಂದ ಹದಿನಾರು ವರ್ಷದವರದು. ಇಲ್ಲಿ ಪ್ರತಿ ವಿಷಯಕ್ಕೂ ನಾಲ್ಕು ಮಾನದಂಡಗಳಿರುತ್ತವೆ, ಎ ಬಿ ಸಿ ಡಿ ಎಂದು. ಒಂದೊಂದಕ್ಕೆ ಎಂಟು, ಒಟ್ಟು 32. ಆ ಮೊತ್ತವನ್ನು ಒಂದರಿಂದ ಏಳರವರೆಗಿನ ಒಂದು ಗ್ರೇಡಿಗೆ ಇಳಿಸುತ್ತಾರೆ: 15ರಿಂದ 18 ಬಂದರೆ 4, 19ರಿಂದ 23 ಬಂದರೆ 5, 24ರಿಂದ 27 ಬಂದರೆ 6, 28 ಅಥವಾ ಅದಕ್ಕಿಂತ ಹೆಚ್ಚು ಬಂದರೆ 7.

ಈಗ ನನ್ನ ಕಥೆ. ನನ್ನ ಮಗ ಆ ಹಂತದ ಎರಡನೆಯ ವರ್ಷದಲ್ಲಿದ್ದಾಗ ಗಣಿತಕ್ಕೆ 4 ಬಂತು. ನಮ್ಮವರು ಮೊಬೈಲ್ ತೆಗೆದು ಲೆಕ್ಕ ಹಾಕಿ "ಏಳಕ್ಕೆ ನಾಲ್ಕು, ಶೇಕಡ 57" ಎಂದರು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದ ಮನುಷ್ಯ, ರಾತ್ರಿ ಊಟ ಸೇರಲಿಲ್ಲ. ತುಮಕೂರಿನಲ್ಲಿರುವ ನಮ್ಮಣ್ಣನಿಗೆ ಫೋನ್ ಹೋಯಿತು, ಅಲ್ಲಿಂದಲೇ ಆನ್‌ಲೈನ್ ಟ್ಯೂಷನ್‌ಗೆ ಒಬ್ಬ ಮೇಷ್ಟ್ರು ಸಿಕ್ಕರು. ಆರು ತಿಂಗಳು ಹುಡುಗ ಪ್ರತಿ ಶನಿವಾರ ಬೆಳಗ್ಗೆ ಕುಳಿತು ಲೆಕ್ಕ ಮಾಡಿದ. ಮುಂದಿನ ಪ್ರಗತಿಪತ್ರದಲ್ಲಿ ಮತ್ತೆ 4.

ಆಗ ಮೊದಲ ಬಾರಿಗೆ ಗ್ರೇಡಿನ ಕೆಳಗಿದ್ದ ಸಣ್ಣ ಸಂಖ್ಯೆಗಳನ್ನು ನೋಡಿದೆ. ಎ 7, ಬಿ 4, ಸಿ 3, ಡಿ 4. ಒಟ್ಟು 18. ಗಣಿತದಲ್ಲಿ ಎ ಎಂದರೆ ತಿಳಿವಳಿಕೆ, ಅಂದರೆ ನಾವು ಊರಿನಲ್ಲಿ ಲೆಕ್ಕ ಎಂದು ಕರೆಯುವುದೆಲ್ಲ ಅದೊಂದರಲ್ಲೇ ಬಂದುಹೋಯಿತು. ಬಿ ಎಂದರೆ ವಿನ್ಯಾಸಗಳನ್ನು ಹುಡುಕಿ ನಿಯಮ ಕಟ್ಟುವುದು, ಸಿ ಎಂದರೆ ಯೋಚನೆಯನ್ನು ಬರೆದು ತೋರಿಸುವುದು, ಡಿ ಎಂದರೆ ನಿಜ ಜೀವನದ ಸಮಸ್ಯೆಗೆ ಅನ್ವಯಿಸುವುದು. ಹುಡುಗ ಬಾಯಿಲೆಕ್ಕದಲ್ಲಿ ಚುರುಕು, ಉತ್ತರ ಬರೆದು ಪೆನ್ನು ಕೆಳಗಿಡುತ್ತಿದ್ದ. ಮೇಷ್ಟ್ರು ಆರು ತಿಂಗಳು ಗಟ್ಟಿ ಮಾಡಿದ್ದು ಮೊದಲೇ ಗಟ್ಟಿಯಾಗಿದ್ದ ಎ ಒಂದನ್ನು. ಸಿಯಲ್ಲಿ ಇನ್ನೊಂದೇ ಒಂದು ಅಂಕ ಬಂದಿದ್ದರೆ 19, ಗ್ರೇಡು 5.

ಅದನ್ನು ಬಿಡಿಸಿ ಹೇಳಿದ್ದು ಗಣಿತದ ಶಿಕ್ಷಕರು, ಹತ್ತು ನಿಮಿಷದಲ್ಲಿ. ಪ್ರಶ್ನೆಯಲ್ಲಿರುವ ಕ್ರಿಯಾಪದವನ್ನು ನೋಡಿ ಎಂದರು. "ಹೇಳು", "ವಿವರಿಸು", "ಸಮರ್ಥಿಸು" ಮೂರಕ್ಕೂ ಐಬಿಯಲ್ಲಿ ಬೇರೆ ಬೇರೆ ಖಚಿತ ಅರ್ಥಗಳಿವೆ. ಸಮರ್ಥಿಸು ಎಂದಲ್ಲಿ ಬರೀ ಹೇಳಿ ಬಂದರೆ ಉತ್ತರ ಸರಿಯಿದ್ದರೂ ಮೇಲಿನ ಹಂತ ಸಿಗುವುದಿಲ್ಲ. ಪ್ರತಿ ಕೆಲಸಕ್ಕೂ ಮೊದಲೇ ಒಂದು ರೂಬ್ರಿಕ್ ಕೊಡುತ್ತಾರೆ, 3 ಬರಲು ಏನಿರಬೇಕು, 7 ಬರಲು ಏನಿರಬೇಕು ಎಂದು. ನಮ್ಮ ಹುಡುಗ ಅದನ್ನು ಚೀಲದ ತಳದಲ್ಲಿ ಮಡಚಿ ಇಟ್ಟಿದ್ದ. ಅಂದಹಾಗೆ, 4ರ ಪಕ್ಕದ ವಿವರಣೆ ಓದಿದರೆ "ಒಳ್ಳೆಯ ಗುಣಮಟ್ಟದ ಕೆಲಸ" ಎಂದೇ ಶುರುವಾಗುತ್ತದೆ. ನಮ್ಮವರ 57ಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿದದ್ದು: ಇಲ್ಲಿ ಕಿರುಪರೀಕ್ಷೆಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುವುದಿಲ್ಲ. ವರ್ಷವಿಡೀ ಮಾಡಿದ ಕೆಲಸಗಳನ್ನು ಮುಂದಿಟ್ಟುಕೊಂಡು, ಮಗು ಈಗ ನಿಂತಿರುವ ಮಟ್ಟ ಯಾವ ವಿವರಣೆಗೆ ಹೊಂದುತ್ತದೆ ಎಂದು ಶಿಕ್ಷಕರು ತೀರ್ಮಾನಿಸುತ್ತಾರೆ. ನಿಮ್ಮ ಮಗಳು ಮೊದಲ ಮೂರು ತಿಂಗಳು ಭಾಷೆ, ಹವೆ, ಹೊಸ ಮುಖಗಳ ನಡುವೆ ತಡವರಿಸಿದರೆ ಅದು ಜೂನ್‌ನ ಗ್ರೇಡನ್ನು ಕೆಳಗೆ ಎಳೆಯಬೇಕಾಗಿಲ್ಲ. ಈ ಪದ್ಧತಿಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಇಷ್ಟವಾಗದ್ದೂ ಇದೆ. ಇವರ ಮಾತು ತೀರಾ ಮೃದು. ನನ್ನ ಮಗಳಿಗೆ ಇಂಗ್ಲಿಷ್ ಓದಿನಲ್ಲಿ ನಿಜವಾದ ತೊಂದರೆಯಿದ್ದ ಒಂದು ವರ್ಷ ಅವಳ ಪ್ರಗತಿಪತ್ರ "ನೆರವಿನೊಂದಿಗೆ ಸಂತೋಷವಾಗಿ ಓದುತ್ತಾಳೆ" ಎಂದಿತ್ತು. ನಾನು "ಸಂತೋಷ"ವನ್ನು ಓದಿಕೊಂಡೆ, "ನೆರವಿನೊಂದಿಗೆ" ಎಂಬುದನ್ನು ಬಿಟ್ಟೆ. ಸಮಸ್ಯೆ ಇದೆ ಎಂದು ಬಾಯಿಬಿಟ್ಟು ಹೇಳಿದ್ದು ಮುಂದಿನ ವರ್ಷದ ಶಿಕ್ಷಕಿ. ಆ ಕೋಪ ನನಗಿನ್ನೂ ಆರಿಲ್ಲ. ಆದ್ದರಿಂದ "ನೆರವಿನೊಂದಿಗೆ", "ಕೆಲವೊಮ್ಮೆ", "ನೆನಪಿಸಿದಾಗ" ಇಂಥ ಪದ ಕಂಡ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಸಭೆಗೆ ಹೋದಾಗ ನೇರವಾಗಿ ಕೇಳಿ: ಈ ವಯಸ್ಸಿಗೆ ಇರಬೇಕಾದ ಮಟ್ಟದಲ್ಲಿ ಇದ್ದಾಳೆಯೇ, ಇಲ್ಲವೇ? ಮುಂದಿನ ಹೆಜ್ಜೆ ಯಾವುದು? ನೇರ ಪ್ರಶ್ನೆ ಕೇಳಿದರೆ ಡಚ್ಚರು ಬೇಸರಪಟ್ಟುಕೊಳ್ಳುವುದಿಲ್ಲ, ಅವರ ಅಭ್ಯಾಸವೂ ಅದೇ. ಸುತ್ತಿಬಳಸಿ ಮಾತಾಡುವುದು ಇಂಟರ್‌ನ್ಯಾಷನಲ್ ಶಾಲೆಯ ಇಂಗ್ಲಿಷ್.

ಪಕ್ಕದ ಮನೆಯ ಡಚ್ ಶಾಲೆಯ ಮಕ್ಕಳೊಂದಿಗೆ ಹೋಲಿಸಲು ಹೋಗಬೇಡಿ. ಅಲ್ಲಿ ಹತ್ತಕ್ಕೆ ಅಂಕ, ಆರು ಬಂದರೆ ಪಾಸು, ಎಂಟಕ್ಕೆ ಮನೆಯಲ್ಲಿ ಸಂಭ್ರಮ. ಅಲ್ಲಿ ಹನ್ನೆರಡು ವರ್ಷಕ್ಕೇ ಶಾಲೆಯ ಸಲಹೆಯ ಮೇಲೆ ಮಕ್ಕಳು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಜೂನ್‌ನಲ್ಲಿ ಕೆಲವು ಮನೆಗಳ ಮುಂದೆ ಬಾವುಟದ ಜೊತೆಗೆ ಶಾಲೆಯ ಚೀಲ ನೇತಾಡುವುದನ್ನು ನೋಡುವಿರಿ. ಆ ಮನೆಯ ಹುಡುಗನೋ ಹುಡುಗಿಯೋ ಪ್ರೌಢಶಾಲೆಯ ಕೊನೆಯ ಪರೀಕ್ಷೆಯಲ್ಲಿ ಪಾಸಾದರು ಎಂದರ್ಥ. ಎಷ್ಟು ಬಂತು ಎಂದು ಚೀಲದ ಮೇಲೆ ಬರೆದಿರುವುದಿಲ್ಲ.

ಐಬಿಯ ಕೊನೆಯ ಎರಡು ವರ್ಷಗಳ ಡಿಪ್ಲೊಮಾ ಹಂತ ನಿಮಗೆ ದೂರ, ಎರಡೇ ಮಾತು ಸಾಕು. ಆರು ವಿಷಯ, ಒಂದೊಂದಕ್ಕೆ ಏಳು, ದೀರ್ಘ ಪ್ರಬಂಧಕ್ಕೂ ಜ್ಞಾನಮೀಮಾಂಸೆಗೂ ಸೇರಿ ಮೂರು, ಒಟ್ಟು 45. ಕಡಿಮೆಯೆಂದರೆ 24 ಬೇಕು. ಆ ಉತ್ತರಪತ್ರಿಕೆಗಳು ಹೊರಗಿನ ಪರೀಕ್ಷಕರಿಗೆ ಹೋಗುತ್ತವೆ, ಅಲ್ಲಿ ಮೃದು ಮಾತಿಲ್ಲ. ಭಾರತದ ವಿಶ್ವವಿದ್ಯಾಲಯಗಳ ಸಂಘ ಅದನ್ನು ಪಿಯುಸಿಗೆ ಸಮಾನವೆಂದು ಒಪ್ಪುತ್ತದೆ. ಆದರೆ ಊರಿನಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಯೋಚನೆ ಇದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ ಬಿಡದಂತೆ ವಿಷಯ ಆರಿಸಿಕೊಳ್ಳಬೇಕು.

ಮೂರು ವರ್ಷದಲ್ಲಿ ವಾಪಸು ಹೋಗುವ ಸಾಧ್ಯತೆ ಇದೆ ಎಂದಿದ್ದೀರಿ. ಹಾಗಾದರೆ ಪ್ರತಿ ಪ್ರಗತಿಪತ್ರವನ್ನೂ ಇಳಿಸಿಕೊಂಡು ಇಟ್ಟುಕೊಳ್ಳಿ. ಅವೆಲ್ಲ ಶಾಲೆಯ ಪೋರ್ಟಲ್‌ನಲ್ಲಿರುತ್ತವೆ, ಬಿಟ್ಟ ಮೇಲೆ ನಿಮ್ಮ ಲಾಗಿನ್ ಉಳಿಯುತ್ತದೆ ಎಂದು ನಂಬಿ ಕೂರಬೇಡಿ. ಹೊರಡುವಾಗ ಶಾಲೆಯಿಂದ ಮೊಹರು, ಸಹಿ ಇರುವ ಪತ್ರವನ್ನೂ, ಗ್ರೇಡ್ ಪದ್ಧತಿ ವಿವರಿಸುವ ಒಂದು ಪುಟವನ್ನೂ ಕೇಳಿ ಪಡೆಯಿರಿ. ಮೈಸೂರಿನ ಶಾಲೆಯಲ್ಲಿ ಟಿಸಿ ಎಲ್ಲಿ ಎಂದು ಕೇಳಿದಾಗ ಅದೇ ಕೈಹಿಡಿಯುತ್ತದೆ.

ಬರುವಾಗ ಇಬ್ಬರ ಕಳೆದ ವರ್ಷದ ಅಂಕಪಟ್ಟಿಯ ಜೊತೆಗೆ ಮಗಳ ಹಳೆಯ ಒಂದೆರಡು ನೋಟುಪುಸ್ತಕಗಳನ್ನೂ ಸೂಟ್‌ಕೇಸಿಗೆ ಹಾಕಿಕೊಳ್ಳಿ. ಮೊದಲ ವಾರ ಅವಳ ಮಟ್ಟ ನೋಡುವಾಗ ಶಿಕ್ಷಕರು ಅಂಕಪಟ್ಟಿಗಿಂತ ಅವನ್ನೇ ಹೆಚ್ಚು ಹೊತ್ತು ತಿರುವಿ ಹಾಕುತ್ತಾರೆ. ಗಣಿತದ್ದನ್ನು ಮರೆಯಬೇಡಿ.